ಎಂಟನೆಯ ದಾರ

ಎಂಟನೆಯ ದಾರ ಎಲ್ಲಿಯೂ ಕೂರಲಿಲ್ಲ. ಶಿವಪುತ್ರಪ್ಪ ಚೀಟಿಗಳನ್ನು ಮೂರನೆಯ ಸಲ ಎಣಿಸಿದರು. ನೂರಾ ಮೂವತ್ತೂ ಇದ್ದವು.

ಹಲಗೆಯ ಮೇಲೆ ನಲವತ್ತು ಮೊಳೆ. ಒಂದೊಂದು ಚೀಟಿಯಲ್ಲಿ ನಾಲ್ಕು ಮೊಳೆಗಳ ನಂಬರು. ಆ ನಾಲ್ಕಕ್ಕೆ ದಾರ ಸುತ್ತಿದರೆ ಒಂದು ಗೆರೆ. ಒಂದೇ ಮೊಳೆಗೆ ಎರಡು ದಾರ ತಾಗಬಾರದು. ಮಿಲ್ಲು ಬಿಟ್ಟ ಅಪ್ಪನಿಗೆ ಹೊತ್ತು ಹೋಗಲೆಂದು ಮಗ ಕಾಂತಪ್ಪನೇ ಮಾಡಿಕೊಟ್ಟಿದ್ದ. "ಹೆಂಗರ ಸುರು ಮಾಡು ಅಪ್ಪಾ, ಒಂದೂ ಬಿಚ್ಚೋದು ಬ್ಯಾಡ, ಹತ್ತು ಗೆರಿ ಆಗೇ ಆಗ್ತಾವ" ಎಂದಿದ್ದ. ಆ ಮಾತನ್ನೇ ಗಣಿತದ ಪ್ರಬಂಧವಾಗಿ ಬರೆದು ಇವತ್ತು ಹನ್ನೊಂದು ಗಂಟೆಗೆ ಕಾಲೇಜಿನ ಸಾಹೇಬರ ಮುಂದೆ ಓದುವವನಿದ್ದ. ಒಪ್ಪಿದರೆ ಲೆಕ್ಚರರ್ ಕೆಲಸ.

ಏಳು ಗೆರೆಗೇ ನಿಂತಿತ್ತು. ಹನ್ನೆರಡು ಮೊಳೆ ಬರಿದಾಗಿದ್ದರೂ ಆ ಹನ್ನೆರಡರೊಳಗೇ ಕೂರುವ ಒಂದು ಚೀಟಿಯೂ ಇರಲಿಲ್ಲ.

"ಏನ್ರೀ, ಮುಂಜಾನೆದ್ದು ದಾರ ಹಿಡ್ಕೊಂಡು ಕುಂತೀರಿ, ಮಿಲ್ಲಿನವ್ರು ಮತ್ತ ಕರದಾರೇನು?" ಒಲೆಯ ಮುಂದಿನಿಂದ ಹೆಂಡತಿ ರುದ್ರವ್ವ ನಕ್ಕಳು.

ಅವರಿಗೆ ನಗು ಬರಲಿಲ್ಲ. ಯುದ್ಧದ ಕಾಲಕ್ಕೆ ಒಮ್ಮೆ ಮಿಲ್ಲಿನಲ್ಲಿ ಹಾಸಿನ ಉದ್ದನೆಯ ಎಳೆಯೊಂದನ್ನು ತಪ್ಪಿ ಪೋಣಿಸಿ, ಗೊತ್ತಾದ ಮೇಲೂ ಬಾಯಿ ಬಿಟ್ಟಿರಲಿಲ್ಲ. ಬಟ್ಟೆಯ ಥಾನಿನುದ್ದಕ್ಕೂ ಎಳೆ ತಪ್ಪಿದ ಗುರುತು ಬಿತ್ತು. ಕೆಲಸ ಹೋದದ್ದು ಮಗ್ಗ ನಡೆಸುತ್ತಿದ್ದ ಮಂಗಳೂರು ಕಡೆಯ ದೂಜ ಎಂಬವನದು. ಗೇಟಿನಲ್ಲಿ ತಿರುಗಿ ನೋಡಿದ ಅವನ ಮುಖ ಇನ್ನೂ ಕಣ್ಣಲ್ಲಿತ್ತು.

"ಕಾಂತೂ, ತುಸು ಇಲ್ಲಿ ಬಾರಪಾ."

"ಲೋಕಲ್ ಗಾಡಿ ತಪ್ಪತೈತಿ ಅಪ್ಪಾ."

"ತಪ್ಪಲಿ."

ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ ಕಾಂತಪ್ಪ ಹಲಗೆ ನೋಡಿ ನಕ್ಕ. "ಎಲ್ಲೋ ನಂಬರ ತಪ್ಪಿ ಓದೀ ನೀ." ಚಾಪೆಯ ಮೇಲೆ ಕುಳಿತು ಚೀಟಿಗಳನ್ನು ಒಂದೊಂದಾಗಿ ತೆಗೆದು ಬರಿದಾದ ಮೊಳೆಗಳೊಂದಿಗೆ ತಾಳೆ ನೋಡಿದ. ಕೈಯೊಳಗಿನ ಕಟ್ಟು ಸಣ್ಣದಾದಂತೆ ನಗು ಇಳಿಯಿತು. ಕೊನೆಯ ಚೀಟಿಯನ್ನೂ ಕೆಳಗಿಟ್ಟ.

"ಇದನ್ನ ಯಾರರ ನೋಡ್ಯಾರೇನು?"

"ಇಲ್ಲ."

ಅವನ ಬೆರಳು ಏಳನೆಯ ದಾರದ ಗಂಟಿನ ಮೇಲೆ ಹೋಗಿ ನಿಂತಿತು. ಶಿವಪುತ್ರಪ್ಪ ಕೈಯಲ್ಲಿದ್ದ ಎಂಟನೆಯ ದಾರವನ್ನು ಬೆರಳಿಗೆ ಸುತ್ತತೊಡಗಿದರು.

ಕಾಂತಪ್ಪ ಗಂಟು ಬಿಚ್ಚದೆ ಎದ್ದ. ಹಲಗೆಯನ್ನು ಟವೆಲಿನಲ್ಲಿ ಸುತ್ತಿ, ದಾರ ಜರುಗದಂತೆ ಎರಡೂ ಕೈಯಲ್ಲಿ ಎತ್ತಿಕೊಂಡ. "ಬರ್ತೀನವ್ವಾ" ಎಂದವನು ಅಪ್ಪನ ಮುಖ ನೋಡಲಿಲ್ಲ.

ಪ್ರಬಂಧದ ಕಾಗದಗಳು ಚಾಪೆಯ ಮೇಲೇ ಉಳಿದಿದ್ದವು.

ಶಿವಪುತ್ರಪ್ಪ ಚಾಳಿನ ಮಹಡಿಯ ಗ್ಯಾಲರಿಗೆ ಬಂದು ನಿಂತರು. ಕೆಳಗೆ ನಳದ ಮುಂದಿನ ಕೊಡಗಳ ನಡುವೆ ಮಗ, ತುಂಬಿದ ಪಾತ್ರೆ ಹಿಡಿದವನಂತೆ, ಮೆಲ್ಲಗೆ ಸ್ಟೇಷನ್ನಿನ ಕಡೆ ನಡೆದಿದ್ದ. ಎಂಟನೆಯ ದಾರ ಅವರ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಬೆರಳ ತುದಿ ನೀಲಿಗಟ್ಟಿತ್ತು.