ಈಜು ಬಾರದ ಪಾಸ್ಕಲ್

ಪಾಸ್ಕಲ್ ಹುಟ್ಟಿದ್ದು ಘಟ್ಟದ ಕೆಳಗೆ, ಸಮುದ್ರದ ಸದ್ದು ಮನೆಯೊಳಗೇ ಕೇಳುವ ಊರಿನಲ್ಲಿ. ಆದರೂ ನೀರೆಂದರೆ ಅವನಿಗೆ ಜೀವ ಹೋದಷ್ಟು ಹೆದರಿಕೆ. ಗಾರೆ ಕೆಲಸ ಹುಡುಕಿಕೊಂಡು ಹೊಸನಗರದ ಕಡೆಗೆ ಬಂದು, ಶರಾವತಿ ದಂಡೆಯ ಹಳ್ಳಿಯಲ್ಲಿ ಮನೆ ಕಟ್ಟಿಕೊಂಡ ಮೇಲೂ ಹೆದರಿಕೆ ಹೋಗಲಿಲ್ಲ. ಭಾನುವಾರದ ಪೂಜೆಗೆ ಹೊಳೆ ದಾಟುವಾಗ ಕಣ್ಣು ಮುಚ್ಚಿ, ಹೆಂಡತಿ ಸೆರಫಿನಾಳ ಕೈ ಹಿಡಿದು ಕೂರುತ್ತಿದ್ದ. ದೋಣಿ ನಡೆಸುವ ಜಟ್ಟಿಂಗಪ್ಪ, ದಡ ಬಂತು ಮೇಸ್ತ್ರಿಗಳೇ, ಇನ್ನು ಅಮ್ಮನ ಕೈ ಬಿಡಬಹುದು ಎಂದ ಮೇಲೆಯೇ ಕಣ್ಣು ತೆರೆಯುತ್ತಿದ್ದ.

ಅಂಥ ಪಾಸ್ಕಲ್ ಈಗ ನೀರಿನ ಅಡಿಯಲ್ಲಿ ಮಲಗಿದ್ದ.

ಅವನು ಜ್ವರ ಬಂದು ತೀರಿಕೊಂಡು ಎಂಟು ವರ್ಷವಾಗಿತ್ತು. ಹೊಳೆಯ ಪಕ್ಕದ ಸಣ್ಣ ಸ್ಮಶಾನಭೂಮಿಯಲ್ಲಿ ಅವನನ್ನು ಹೂಳಿದ್ದರು. ಆಣೆಕಟ್ಟಿನ ನೀರು ಬರುತ್ತದೆಂದು ಊರಿಗೆ ಊರೇ ಗುಡ್ಡ ಹತ್ತಿದಾಗ, ಮಗ ಬೆನ್ನ, ಅಪ್ಪನ ಮೂಳೆಗಳನ್ನಾದರೂ ತರುತ್ತೇನೆಂದು ಹಾರೆ ಹಿಡಿದು ಹೋದ. ಮರದ ಶಿಲುಬೆಗಳನ್ನೆಲ್ಲ ಗೆದ್ದಲು ತಿಂದಿತ್ತು. ಹನ್ನೊಂದು ಗೋರಿಗಳಲ್ಲಿ ಅಪ್ಪನದು ಯಾವುದೆಂದು ತಿಳಿಯದೆ ಬರಿಗೈಯಲ್ಲಿ ಬಂದ.

ಸೆರಫಿನಾ ಅಂದು ಅತ್ತದ್ದು ಮನೆ ಮುಳುಗಿದ್ದಕ್ಕಲ್ಲ. ಕಡೆಯ ದಿನ ತುತ್ತೂರಿ ಊದುತ್ತದೆ, ಸತ್ತವರೆಲ್ಲ ತಮ್ಮ ತಮ್ಮ ದೇಹದಲ್ಲಿ ಏಳುತ್ತಾರೆ ಎಂದು ಅವಳು ಚಿಕ್ಕಂದಿನಲ್ಲಿ ಕಲಿತಿದ್ದಳು. ಒಲೆಯ ಮೇಲಿಟ್ಟ ಹಾಲು ಉಕ್ಕುತ್ತದೆ ಎಂಬಷ್ಟೇ ಖಚಿತವಾಗಿ ಅದನ್ನು ನಂಬಿದ್ದಳು. ನಂಬಿದ್ದರಿಂದಲೇ ಈ ಸಂಕಟ. ತುತ್ತೂರಿ ಕೇಳಿ ಎಚ್ಚರಾಗಿ ಕಣ್ಣು ಬಿಟ್ಟರೆ ಸುತ್ತಲೂ ನೀರು. ಪಾಪ, ಆ ಮನುಷ್ಯ ಏನು ಮಾಡಬೇಕು?

ಮರುವರ್ಷ ನವೆಂಬರ್ ಎರಡರಂದು, ಸತ್ತವರಿಗಾಗಿ ಪ್ರಾರ್ಥಿಸುವ ದಿನ, ಪಾದ್ರಿಗಳು ಬಂದರು. ಗುಡ್ಡದ ಮೇಲೆ ಹೊಸ ಭೂಮಿಯನ್ನು ಮಂತ್ರಿಸಿ, ಹಳೆಯದಕ್ಕೆ ದೋಣಿಯಲ್ಲಿ ಹೋಗಿ ನೀರಿನ ಮೇಲೆಯೇ ಪ್ರಾರ್ಥನೆ ಮಾಡೋಣ ಎಂದರು. ಹೊಳೆಗಿಂತ ಹತ್ತು ಪಟ್ಟು ಅಗಲವಾದ ನೀರಿನಲ್ಲಿ ಈಗಲೂ ದೋಣಿ ಜಟ್ಟಿಂಗಪ್ಪನದೇ. ಮಗನೊಡನೆ ದೋಣಿ ಹತ್ತಿದ ಸೆರಫಿನಾ ದಾರಿಯಲ್ಲಿ ತನ್ನ ಸಂಕಟ ಹೇಳಿಕೊಂಡಳು. ಪಾದ್ರಿಗಳು ನಗಲಿಲ್ಲ. ಕಡೆಯ ದಿನ ಸಮುದ್ರವೂ ತನ್ನೊಳಗಿನ ಸತ್ತವರನ್ನು ಒಪ್ಪಿಸಲೇಬೇಕು, ಅಂದು ಸಿಗುವುದು ನೋವಿಲ್ಲದ ಹೊಸ ದೇಹ, ಹೆದರಬೇಡಿ ಎಂದರು.

“ದೇಹ ಹೊಸದು ಸೈ ಫಾದರ್. ಒಳಗಿನ ಮನುಷ್ಯ ಅವರೇ ಅಲ್ದಾ?”

“ದೇವರೇ ಕೈ ಹಿಡಿದು ಎಬ್ಬಿಸ್ತಾರಮ್ಮ.”

“ದೇವರ ಕೈ ದೊಡ್ಡದು, ನಾನು ಇಲ್ಲ ಅನ್ನಲ್ಲ. ಆದ್ರೆ ದೋಣಿಲಿ ಅವರಿಗೆ ಅಭ್ಯಾಸ ಇದ್ದಿದ್ದು ನನ್ನ ಕೈ.”

ಜಟ್ಟಿಂಗಪ್ಪ ಹುಟ್ಟು ನಿಲ್ಲಿಸಿ, ಮುಳುಗಿದ ಅತ್ತಿಮರದ ಒಣ ತುದಿಯನ್ನು ತೋರಿಸಿ, ಇದೇ ಜಾಗ ಎಂದ.

ಗೋರಿಯ ಮೇಲೆ ಮೇಣದಬತ್ತಿ ಹಚ್ಚುವುದು ಪದ್ಧತಿ. ಗೋರಿ ಎಲ್ಲಿದೆ? ಅದಕ್ಕೆಂದೇ ಜಟ್ಟಿಂಗಪ್ಪ ಅಡಿಕೆ ಹಾಳೆಯಲ್ಲಿ ಹನ್ನೊಂದು ದೊನ್ನೆ ಮಾಡಿ ತಂದಿದ್ದ. ಪ್ರಾರ್ಥನೆ ಮುಗಿದ ಮೇಲೆ ಸೆರಫಿನಾ ಒಂದೊಂದರಲ್ಲೂ ಬತ್ತಿ ನಿಲ್ಲಿಸಿ, ಹಚ್ಚಿ, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ನೀರಿಗೆ ಬಿಟ್ಟಳು. ಸಂಜೆಗಾಳಿ ತಿರುಗಿತ್ತು. ದೊನ್ನೆಗಳು ಅತ್ತಿತ್ತ ತೂಗಿ, ಒಂದರ ಹಿಂದೊಂದು ಗುಡ್ಡದ ಕಡೆಗೆ ಹೊರಟವು. ಒಂದು ಮಾತ್ರ ದೋಣಿಗೆ ಅಂಟಿಕೊಂಡು ನಿಂತಿತು. ಬೆನ್ನ ಹುಟ್ಟಿನಿಂದ ದೂಡಿದರೂ ಸುತ್ತು ಹೊಡೆದು ಮತ್ತೆ ಅಲ್ಲಿಗೇ ಬಂತು.

ಸೆರಫಿನಾ ಅದನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನಕ್ಕಳು. ಅಪ್ಪ ಹೋದ ಮೇಲೆ ಬೆನ್ನ ಕೇಳದ ನಗು ಅದು. ಅವಳು ಬಗ್ಗಿ ದೊನ್ನೆಯ ಅಂಚು ಹಿಡಿದುಕೊಂಡಳು. ದಡ ಮುಟ್ಟುವವರೆಗೂ ಬಿಡಲಿಲ್ಲ. ಬತ್ತಿಯೂ ಆರಲಿಲ್ಲ.

ದಡದಲ್ಲಿ ಅವಳು ಪಾದ್ರಿಗಳನ್ನು ಕೇಳಿದ್ದು ಒಂದೇ. ಹೊಸ ಭೂಮಿಯಲ್ಲಿ ನೀರಿಗೆ ಹತ್ತಿರದ ಕಡೆಯ ಜಾಗ ತನಗಿರಲಿ, ಕಾಲು ನೀರಿನ ಕಡೆಗಿರಲಿ. ಉಳಿದವರನ್ನೆಲ್ಲ ಪೂರ್ವಕ್ಕೆ ಕಾಲು ಮಾಡಿ ಮಲಗಿಸುತ್ತೇವಲ್ಲ ಎಂದರು ಪಾದ್ರಿಗಳು. “ಎದ್ದು ಕೂತ ಕೂಡಲೆ ಅವರ ಮುಖ ಕಾಣಬೇಕು ಫಾದರ್. ಕೈ ಕೊಟ್ಟು ಮೇಲೆ ಹತ್ತಿಸಿಕೊಂಡ ಮೇಲೆ ಇಬ್ಬರೂ ಪೂರ್ವಕ್ಕೆ ತಿರುಗ್ತೀವಿ.”

ಪಾದ್ರಿಗಳು ಈ ಸಲ ನಕ್ಕೇಬಿಟ್ಟರು. ಹಾಗೇ ಆಗಲಿ ಎಂದು ಆ ಜಾಗಕ್ಕೆ ಇನ್ನೊಮ್ಮೆ ತೀರ್ಥ ಚಿಮುಕಿಸಿದರು.

ಸೆರಫಿನಾ ಅಲ್ಲೇ ಹುಲ್ಲಿನ ಮೇಲೆ ಕೂತು, ನೀರಿನ ಕಡೆಗೆ ಕೈ ಚಾಚಿ ನೋಡಿದಳು. ದೂರವೇನೂ ಅನ್ನಿಸಲಿಲ್ಲ.

“ಕೈ ಸಾಲದಿದ್ರೆ ಒಂದು ಕೂಗು ಹಾಕಿ ಅಮ್ಮ, ದೋಣಿ ತರ್ತೀನಿ” ಎಂದ ಜಟ್ಟಿಂಗಪ್ಪ, ಹಗ್ಗ ಕಟ್ಟುತ್ತ.

“ಮತ್ತೆ? ನೀನೂ ಅವತ್ತು ಎದ್ದೇ ಇರ್ತೀಯಲ್ಲ ಮಾರಾಯ. ದಡ ಬಂತು ಅಂತ ಅವರಿಗೆ ಹೇಳೋಕೆ ನೀನೇ ಬೇಕು.”