ನೀರು ಹಾಕಬೇಡಿ

ಟೈಲರಮ್ಮ ಗಂಡನ ಅಕ್ಕನ ಕೈಯಿಂದ ಜಗ್ಗನ್ನು ಕಿತ್ತುಕೊಳ್ಳುವಷ್ಟರಲ್ಲಿ ನೀರೆಲ್ಲ ಕುಂಡದೊಳಗೆ ಇಳಿದುಹೋಗಿತ್ತು.

"ಅತ್ತಿಗೆ, ಬೇಸಗೇಲಿ ಇದಕ್ಕೆ ಒಂದು ಹನಿನೂ ಬೀಳಬಾರದು, ಕೊಳೆತುಹೋಗತ್ತೆ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ?"

"ಸತ್ತೇಹೋದ ಹಾಗಿದೆಯಲ್ಲೇ. ನನ್ನ ತಮ್ಮ ಸಾಕಿದ್ದು..."

"ಸತ್ತಿಲ್ಲ. ಮಲಗಿದೆ."

ಈ ಮಾತನ್ನು ಬೆಳಗಿನಿಂದ ಬಂದವರಿಗೆಲ್ಲ ಹೇಳಿ ಹೇಳಿ ಅವಳ ನಾಲಿಗೆ ಸೋತಿತ್ತು. ನಡುಮನೆಯಲ್ಲಿ ಗಂಡನ ಹೆಣ. ಜನರ ಕಣ್ಣು ಮಾತ್ರ ಕಿಟಕಿಯ ಮೇಲೆ. ಆಮೆಯ ಚಿಪ್ಪಿನಂತೆ ಬಿರುಕುಬಿಟ್ಟ, ಬೇಸಗೆಯಲ್ಲಿ ಒಂದೆಲೆಯೂ ಉಳಿಯದ, ಮರುಭೂಮಿಯ ಗಡ್ಡೆಗಿಡ ಅಲ್ಲಿತ್ತು. ಗಂಡ ಜೀವಮಾನವೆಲ್ಲ ಗಾಜು ಉಜ್ಜಿದ ಕನ್ನಡಕದಂಗಡಿಯ ಮಾಲೀಕರೇ ಕಣ್ಣು ಕಿರಿದು ಮಾಡಿ, ಇದೇನು ಕಲ್ಲೇ ಎಂದು ಕೇಳಿದ್ದರು. ಇನ್ನೊಬ್ಬರು ಅದರ ಮೇಲೆ ಕಾಫಿ ಲೋಟ ಇಟ್ಟಿದ್ದರು.

ಕೆಳಗೆ ಶವದ ವ್ಯಾನು ಕಾಯುತ್ತಿತ್ತು. ಎತ್ತಲು ಬಾಗಿದವರಿಗೆ ಒಂದು ನಿಮಿಷ ನಿಲ್ಲಲು ಹೇಳಿ, ಟೈಲರಮ್ಮ ನೆಲಕ್ಕೆ ಪೇಪರು ಹಾಸಿ ಕುಂಡವನ್ನು ಬೋರಲು ಹಾಕಿದಳು; ಬೇರಿಗಂಟಿದ ಒದ್ದೆ ಮಣ್ಣನ್ನು ಬೆರಳಲ್ಲಿ ಬಿಡಿಸತೊಡಗಿದಳು. ಗಂಡನಿಗೆಂದು ಕಣ್ಣಲ್ಲಿ ಒಂದು ಹನಿಯಿಲ್ಲ, ಗಡ್ಡೆಗೆ ಮಾತ್ರ ಬಾಣಂತನ ಎಂದು ಯಾರೋ ಪಿಸುಗುಟ್ಟಿದರು. ಅವಳ ಮೈ ಉರಿಯಿತು. ಉರಿದದ್ದು ಆಡಿದವರ ಮೇಲಲ್ಲ, ಇಷ್ಟೆಲ್ಲ ತಲೆಗೆ ಕಟ್ಟಿ ಸುಮ್ಮನೆ ಮಲಗಿದವನ ಮೇಲೆ.

*

ಆ ಗಡ್ಡೆ ತಂದ ದಿನ ಬೆಳಕು ಬರುವ ಒಂದೇ ಕಿಟಕಿಯಿಂದ ಅವಳ ಹೊಲಿಗೆ ಮಿಷನ್ನು ಸರಿಸಿ ಅವನು ಕುಂಡ ಇಟ್ಟಿದ್ದ.

"ಏನು ಮಾಡತ್ತೆ ಇದು?"

"ಅರ್ಧ ವರ್ಷ ಏನೂ ಮಾಡಲ್ಲ."

"ಸರಿಹೋಯ್ತು. ನಿಮಗೊಂದು ಜೋಡಿ ಸಿಕ್ಕಿತು."

ಅವನ ಆರೈಕೆಯೆಂದರೆ ನೀರು ಹಾಕದಿರುವುದು, ಹಾಕಲು ಬಂದವರನ್ನು ತಡೆಯುವುದು. ಇಷ್ಟಕ್ಕೇ ಬೇಸಗೆಯಲ್ಲಿ ಮನೆ ಬಿಟ್ಟು ಎಲ್ಲಿಗೂ ಹೊರಡುತ್ತಿರಲಿಲ್ಲ.

ಅವಳ ಮಗು ಹೊಟ್ಟೆಯಲ್ಲೇ ತೀರಿಕೊಂಡಾಗಲೂ ಅಷ್ಟೆ. ಅವಳು ಗೋಡೆಗೆ ಮುಖಮಾಡಿ ಮಲಗಿಬಿಟ್ಟಿದ್ದಳು. ತಿನ್ನಿಸಲು, ಅಳಿಸಲು, ಬುದ್ಧಿ ಹೇಳಲು ಜನ ಬಂದರು. ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮಲಗಿದ್ದಾಳೆ, ಆಮೇಲೆ ಬನ್ನಿ ಎಂದು ಎಲ್ಲರನ್ನೂ ಸಾಗಹಾಕಿದ. ತಾನೂ ಒಂದು ಸಮಾಧಾನದ ಮಾತಾಡಲಿಲ್ಲ. ಒಂದು ಸಂಜೆ ಅವಳಾಗಿಯೇ ಎದ್ದು ಮಿಷನ್ನು ತುಳಿದಾಗ ತಿರುಗಿ ನೋಡಿದ, ಅಷ್ಟೆ. ಬಾಯಿಗೆ ಬೀಗ ಹಾಕಿಕೊಂಡಿದ್ದೀರಾ ಎಂದು ಅವಳು ರೇಗಿದ್ದಳು.

*

ಎಲ್ಲ ಮುಗಿಸಿ ಬಂದಾಗ ಹೊತ್ತು ಇಳಿದಿತ್ತು. ಟೈಲರಮ್ಮ ಗಡ್ಡೆಯನ್ನು ಮಗ್ಗುಲಾಗಿ ಮಲಗಿಸಿ, ಬೇರಿನ ಕಡೆಗೆ ಟೇಬಲ್ ಫ್ಯಾನು ಹಚ್ಚಿ ನೆಲದ ಮೇಲೆ ಕೂತಳು. ಅತ್ತಿಗೆಯೂ ಬಂದು ಕೂತರು.

"ಬದುಕತ್ತೇನೇ?"

"ಗೊತ್ತಿಲ್ಲ. ಗೊತ್ತಿದ್ದೋರು ಹೇಳದೆ ಹೋದ್ರು."

ಅತ್ತಿಗೆ ಪೇಪರಿನ ಮೇಲೆ ಉದುರಿದ ಮಣ್ಣನ್ನು ಅಂಗೈಯಲ್ಲಿ ಒಟ್ಟುಮಾಡಿದರು. ಆಮೇಲೆ, "ಮಗು ಹೋದಾಗ ನನ್ನನ್ನೂ ಒಳಗೆ ಬಿಡಲಿಲ್ಲ ಅವನು. ಮೆಟ್ಟಿಲ ಮೇಲೆ ಕೂತು ಅಳ್ತಿದ್ದೆ. ಬಂದು ಪಕ್ಕದಲ್ಲಿ ಕೂತ. ನನಗಿಂತ ಜಾಸ್ತಿ ಅತ್ತ. ನಿನಗೆ ಹೇಳಬೇಡ ಅಂದ."

"ನನ್ನೆದುರಿಗೆ ಅತ್ತಿದ್ರೆ ಏನು ಗಂಟು ಹೋಗ್ತಿತ್ತು?"

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಸೆಕೆಗೆ ಅವರ ಕುತ್ತಿಗೆ, ಬೆನ್ನು ತೊಯ್ದುಹೋಗಿದ್ದವು. ಟೈಲರಮ್ಮ ಕೈಚಾಚಿ ಫ್ಯಾನಿನ ಹಿಂದಿನ ಗುಂಡಿ ಒತ್ತಿದಳು. ಫ್ಯಾನು ಕಟಕಟ ಎನ್ನುತ್ತ ಗಡ್ಡೆಯಿಂದ ಅತ್ತಿಗೆಯತ್ತ, ಅತ್ತಿಗೆಯಿಂದ ಅವಳತ್ತ ಮುಖ ತಿರುಗಿಸತೊಡಗಿತು.