ಟೀವಿ ಮೇಷ್ಟ್ರಿಗೆ ಎದುರುತ್ತರ

ನಮ್ಮ ಮನೆಯ ಶಾಲೆಯಲ್ಲಿ ಮೇಷ್ಟ್ರ ಎದುರು ಬಾಯಿ ಮುಚ್ಚಿಕೊಂಡು ಕೂತರೆ ಅದೇ ತಪ್ಪು. ಅಡುಗೆಮನೆಯ ಮೇಜಿನ ಆ ತುದಿಗೆ, ಬ್ರೆಡ್ ಡಬ್ಬಿಯ ಪಕ್ಕದಲ್ಲಿ ಟೀವಿ. ಈ ತುದಿಗೆ ನಾನು. ನಡುವೆ ಆಲೂಗಡ್ಡೆ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ ಅಮ್ಮ. ಲೈಬ್ರರಿಯಿಂದ ತಂದ ಡಿವಿಡಿಯೊಳಗಿಂದ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಪ್ರೊಫೆಸರುಗಳು ಕೋಟು ತೊಟ್ಟು ಬಂದು ಪಾಠ ಮಾಡುತ್ತಿದ್ದರು. ಅವರು ಒಂದು ಮಾತು ಹೇಳಿದರೆ ನಾವು ಎರಡು ಹೇಳುತ್ತಿದ್ದೆವು.

"ಸುತ್ತಿ ಬಳಸ್ಬೇಡಯ್ಯ, ವಿಷಯಕ್ಕೆ ಬಾ," ಎಂದು ಅಮ್ಮ ಪರದೆಯ ಕಡೆ ಸುಲಿಯುವ ಚಾಕು ಚಾಚುವಳು.

"ಇದನ್ನ ನಿನ್ನೇನೇ ಹೇಳಿದ್ಯಲ್ಲೋ, ಮರೆತ್ಯಾ?" ಎಂದು ನಾನು.

"ಕೋರಾ, ನಿಲ್ಸೇ ಅವನ್ನ. ಈಗ ಹೇಳಿದ್ದು ಸರಿಯಾ? ನೀನೇ ಹೇಳು ನೋಡಣ."

ನಾನು ರಿಮೋಟ್ ಒತ್ತುವೆ. ಪ್ರೊಫೆಸರು ಬಾಯಿ ಅರ್ಧ ತೆರೆದುಕೊಂಡು ನಿಂತುಬಿಡುವರು. ನಾವಿಬ್ಬರೂ ಜಗಳಕ್ಕೆ ಬೀಳುವೆವು. ಜಗಳ ಮುಗಿದ ಮೇಲೆ ಅವರಿಗೆ ಮಾತು ಮುಂದುವರಿಸಲು ಅಪ್ಪಣೆ. ನಮ್ಮ ಚರ್ಚಿನ ಬೇರೆ ಮನೆಗಳಲ್ಲೂ ಮಕ್ಕಳನ್ನು ಶಾಲೆಗೆ ಕಳಿಸದೆ ಹೀಗೇ ಓದಿಸುತ್ತಿದ್ದರು, ಆದರೆ ಅಲ್ಲಿ ಮಕ್ಕಳನ್ನು ಟೀವಿಯ ಮುಂದೆ ಕೂರಿಸಿ ತಾಯಂದಿರು ಕೋಳಿಗೂಡಿಗೆ ಹೋಗುತ್ತಿದ್ದರು. ನಮ್ಮಮ್ಮನಿಗೆ ಅದು ಆಗದು. "ಬಾಯಿ ಮುಚ್ಕೊಂಡು ಕೇಳಿದ ಪಾಠ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆ ಟೀವಿಯವನಿಗೆ ಕಿವಿ ಇಲ್ಲ, ನಿಂಗೆ ಬಾಯಿ ಇದೆ. ಉಪಯೋಗ್ಸು," ಎನ್ನುವಳು. ನನಗೆ ತೋರಿಸುವ ಪಾಠವನ್ನು ಅವಳು ಹಿಂದಿನ ದಿನವೇ ಬಟ್ಟೆ ಒಣಹಾಕುತ್ತಾ ಒಮ್ಮೆ ಕೇಳಿಕೊಂಡಿರುತ್ತಿದ್ದಳು. ಅರ್ಥವಾಗದಿದ್ದರೆ ಎರಡು ಸಲ.

ಅಮ್ಮ ಓದಿದವಳಲ್ಲ. ಕಾಲೇಜಿಗೆ ಸೇರಿ ಒಂದು ಟರ್ಮ್ ಕೂಡ ಮುಗಿಸಿರಲಿಲ್ಲ, ನಾನು ಹೊಟ್ಟೆಯಲ್ಲಿದ್ದೆ. ಅವಳ ಕಾಲೇಜಿಗೆ ಕಲ್ಲು ಹಾಕಿದವಳು ನಾನೇ ಎನ್ನಬಹುದು.

ಅಪ್ಪನ ತಾಯಿ ವಿಲ್ಮಾ ಅಜ್ಜಿ ಮಾತ್ರ ಓದಿದವರು. ಊರ ಸರ್ಕಾರಿ ಶಾಲೆಯಲ್ಲಿ ಜೀವಮಾನವೆಲ್ಲ ಮಕ್ಕಳ ಕಿವಿ ಹಿಂಡಿ ನಿವೃತ್ತರಾದವರು. ನಮ್ಮ ಅಡುಗೆಮನೆ ಶಾಲೆಯನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಏನಮ್ಮಾ ಲೋರ್ನಾ, ನಿನ್ನ ಪೆಟ್ಟಿಗೆ ಮೇಷ್ಟ್ರು ಹೇಗಿದ್ದಾರೆ? ಸಂಬಳ ಗಿಂಬಳ ಕೇಳ್ತಿದಾರಾ?" ಎಂದು ಪ್ರತಿ ಭಾನುವಾರ ಊಟದ ಮೇಜಿನಲ್ಲಿ ಚುಚ್ಚುವರು. ಅಮ್ಮ ನಕ್ಕು ಬೀನ್ಸಿನ ಬಟ್ಟಲು ಮುಂದಕ್ಕೆ ತಳ್ಳುವಳು.

ನನಗೆ ಹದಿನಾರಾದಾಗ ಈ ಚುಚ್ಚುಮಾತು ನಿಜವಾದ ಜಗಳವಾಯಿತು. ಮನೆಯಲ್ಲಿ ಓದಿದ ಮಕ್ಕಳಿಗೆ ತಾಯಿಯೇ ಮೇಷ್ಟ್ರು, ತಾಯಿಯೇ ಹೆಡ್‌ಮಾಸ್ಟರು, ಅಂಕ ಕೊಡುವವಳೂ ತಾಯಿಯೇ. "ಹೆತ್ತವರಿಗೆ ಹೆಗ್ಗಣ ಮುದ್ದು. ನೀನು ಕೊಟ್ಟ 'ಎ' ಯಾವ ಕಾಲೇಜಿನೋರು ನಂಬ್ತಾರೆ?" ಎಂದರು ಅಜ್ಜಿ. ಅಪ್ಪನಿಗೆ ಹೆಂಡತಿಯನ್ನೂ ಬಿಡಲಾಗದು, ತಾಯಿಯನ್ನೂ ಬಿಡಲಾಗದು. ಅವರು ಮೇವಿನ ಗಿರಣಿಯಲ್ಲಿ ಮೇಸ್ತ್ರಿ, ತೂಕ ಹಾಕಿಯೇ ತೀರ್ಪು ಕೊಡುವ ಮನುಷ್ಯ. "ಕೌಂಟಿ ಕಾಲೇಜಲ್ಲಿ ಅವಳು ಒಂದು ಕ್ಲಾಸು ತಗೊಳ್ಲಿ. ಅಲ್ಲಿ ಟೀಚರು ಇವಳನ್ನ ಸೇರಿಸ್ಕೊಂಡ್ರೆ ಲೋರ್ನಾ ಹೇಳಿದ ಹಾಗೆ. ಬೇಡ ಅಂದ್ರೆ ನಮ್ಮಮ್ಮ ಹೇಳೋ ಹಾಗೆ ಊರ ಶಾಲೆಗೆ," ಎಂದರು. ನಮ್ಮ ಜಿಲ್ಲೆಯ ಆ ಕಾಲೇಜಿನಲ್ಲಿ ಹೈಸ್ಕೂಲು ವಯಸ್ಸಿನವರನ್ನು ಸೇರಿಸಿಕೊಳ್ಳಲು ಆ ತರಗತಿಯ ಪ್ರೊಫೆಸರು ಮೊದಲ ದಿನ ನೋಡಿ ಒಪ್ಪಬೇಕಿತ್ತು.

ಆ ಆಗಸ್ಟಿನಲ್ಲಿ ಅಮ್ಮ ನನಗಿಂತ ಹೆಚ್ಚು ಹೆದರಿದ್ದಳು. ಪಿಕಪ್ ಗಾಡಿಯಲ್ಲಿ ಕರೆದುಕೊಂಡು ಹೋದಳು. ಅವಳು ತೊಟ್ಟಿದ್ದು ಭಾನುವಾರ ಚರ್ಚಿಗೆ ಹಾಕುವ ಬಿಳಿ ಶರ್ಟು, ಕೆಳಗೆ ದಿನವೂ ಉಡುವ ಅದೇ ಮಾಸಲು ಡೆನಿಮ್ ಲಂಗ. "ನಾನು ಒಳಗೆ ಬರಲ್ಲ, ವರಾಂಡದಲ್ಲಿ ಕೂತಿರ್ತೀನಿ. ಹೆದರ್ಕೋಬೇಡ. ಅವ್ರೂ ಪ್ರೊಫೆಸರೇ, ಎಷ್ಟು ಜನಾನ್ನ ನೋಡಿಲ್ಲ ನಾವು," ಎಂದಳು.

ತರಗತಿಯಲ್ಲಿ ಸೆಕೆಯೋ ಸೆಕೆ. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ತೆರೆದೇ ಬಿಟ್ಟಿದ್ದರು. ಇತಿಹಾಸದ ಪ್ರೊಫೆಸರು ಡಾಕ್ಟರ್ ಕ್ವಿಲನ್ ಎಂಬ ಹಿರಿಯ ಹೆಂಗಸು, ಕನ್ನಡಕಕ್ಕೆ ಸರಪಳಿ, ಕೈಯಲ್ಲಿ ತಣ್ಣನೆಯ ಚಹಾ. ಮೊದಲ ಮಹಾಯುದ್ಧ ಯಾಕೆ ಶುರುವಾಯಿತು ಎಂದು ಆರಂಭಿಸಿದರು. ರಾಜಕುಮಾರನಿಗೆ ಗುಂಡು ಬಿತ್ತು ಎಂದರು. ಆ ಊರು ಎಲ್ಲಿದೆ, ಆ ಬೀದಿ ಹೇಗಿದೆ, ತಾವು ಅಲ್ಲಿಗೆ ಹೋದಾಗ ಕಾಫಿ ಎಲ್ಲಿ ಕುಡಿದರು ಎಂದೆಲ್ಲ ಹೇಳುತ್ತಾ ಹೋದರು. ಮೂರನೆಯ ಸಾಲಿನಲ್ಲಿ ಕೂತು ಕೈಯ ಮೇಲೆ ಗಲ್ಲ ಊರಿದ್ದ ನನಗೆ ಎಲ್ಲಿದ್ದೇನೆಂಬುದೇ ಮರೆಯಿತು. ಅವರು ಮತ್ತೆ ಆ ಗುಂಡಿನ ಮಾತಿಗೆ ಬಂದಾಗ, ದೇವರಾಣೆ, ಗಟ್ಟಿಯಾಗಿ ಹೇಳಿಬಿಟ್ಟೆ:

"ಅದು ನೆಪ ಕಣಮ್ಮಾ, ಕಾರಣ ಹೇಳು!"

ಹೇಳಿದ್ದಷ್ಟೇ ಅಲ್ಲ, ಬಲಗೈ ಮೇಜಿನ ಮೇಲೆ ರಿಮೋಟ್ ತಡಕುತ್ತಿತ್ತು.

ಡಾಕ್ಟರ್ ಕ್ವಿಲನ್ ಮಾತು ನಿಲ್ಲಿಸಿದರು. ಯಾರೂ ಗುಂಡಿ ಒತ್ತದೆಯೇ ನಿಂತರು. ಆಮೇಲೆ ತಿರುಗಿ ನನ್ನನ್ನೇ ನೋಡಿದರು. ಇಷ್ಟು ವರ್ಷದಲ್ಲಿ ಒಬ್ಬ ಪ್ರೊಫೆಸರೂ ನನ್ನನ್ನು ನೋಡಿರಲಿಲ್ಲ. ನೆಲ ಬಾಯಿಬಿಡಬಾರದೇ ಎನ್ನಿಸಿತು. ಹಿಂದಿನ ಸಾಲಿನಿಂದ ಕಿಸಕ್ಕೆಂದು ನಗು ಶುರುವಾಗಿ ಇಡೀ ಕೋಣೆಗೆ ಹರಡಿತು.

"ನಗಬೇಡಿ," ಎಂದರು ಅವರು. "ನಿನ್ನ ಹೆಸರೇನಮ್ಮಾ?"

"ಕೋರಾ."

"ಕೋರಾ, ಮುಂದಿನ ಸಲ ಕೈ ಎತ್ತಿ ಮಾತಾಡು. ಆದ್ರೆ ನೀನು ಹೇಳಿದ್ದು ಸರಿ. ನಾನು ದಾರಿ ತಪ್ಪಿದ್ದೆ. ನೆಪ ಬೇರೆ, ಕಾರಣ ಬೇರೆ ಅನ್ನೋದನ್ನ ಇಲ್ಲಿ ವರ್ಷದ ಕೊನೇಲೂ ಅರ್ಧ ಜನಕ್ಕೆ ತಿಳಿಸೋಕಾಗಲ್ಲ ನಂಗೆ. ಎಲ್ಲಿ ಓದಿದ್ದು ನೀನು?"

"ಮನೇಲಿ."

ಮತ್ತೆ ಕಿಸಕ್. "ಅಮ್ಮನ ಸ್ಕೂಲು!" ಎಂದು ಯಾರೋ ಪಿಸುಗುಟ್ಟಿದರು.

"ಮನೇಲಿ ಯಾರು ಕಲಿಸಿದ್ದು ಇದನ್ನ?"

ಇದನ್ನು ಯಾರು ಕಲಿಸಿದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾವ ಡಿವಿಡಿಯ ಪ್ರೊಫೆಸರೂ ಕಲಿಸಿದ್ದಲ್ಲ. ಒಂದು ದಿನ ಟೀವಿ ನಿಲ್ಲಿಸಿ ಅಮ್ಮ ಕೇಳಿದ್ದಳು: "ಮೊನ್ನೆ ನಿಮ್ಮಪ್ಪ ಬಾಗ್ಲು ದಡಾರಂತ ಹಾಕ್ಕೊಂಡ್ರಲ್ಲ, ಯಾಕೆ?" ಸೂಪಿಗೆ ಉಪ್ಪು ಕಮ್ಮಿಯಾಗಿತ್ತು ಎಂದಿದ್ದೆ. "ಅದು ನೆಪ ಕಣೇ. ಗಿರಣೀಲಿ ಎಲ್ಲರ ಮುಂದೆ ಬೈಸ್ಕೊಂಡು ಬಂದಿದ್ರಲ್ಲ, ಅದು ಕಾರಣ. ಯುದ್ಧಾನೂ ಹಂಗೇ. ಯಾರು ಏನೇ ಹೇಳ್ಲಿ, ಮೊದ್ಲು ಇದು ಉಪ್ಪಾ ಗಿರಣೀನಾ ಅಂತ ಕೇಳು," ಎಂದಿದ್ದಳು. ಅಂದಿನಿಂದ ಪ್ರತಿ ಯುದ್ಧಕ್ಕೂ, ಪ್ರತಿ ರಾಜನಿಗೂ ನಾವು ಅದೇ ಪ್ರಶ್ನೆ ಕೂಗುತ್ತಿದ್ದೆವು.

ಇಷ್ಟನ್ನೂ ಹೇಳಬಹುದಿತ್ತು. ಆದರೆ ಎಲ್ಲರ ಕಣ್ಣೂ ನನ್ನ ಮೇಲಿತ್ತು. ಆ ಡೆನಿಮ್ ಲಂಗ, ಆಲೂಗಡ್ಡೆ ಸಿಪ್ಪೆ, ಬ್ರೆಡ್ ಡಬ್ಬಿ ಎಲ್ಲವೂ ಈ ಕೋಣೆಯೊಳಗೆ ನಡೆದು ಬಂದ ಹಾಗಾಗಿ ನನಗೆ ನಾಚಿಕೆಯಾಯಿತು. ಹೌದು, ಅಮ್ಮನ ಬಗ್ಗೆ ನಾಚಿಕೆಯಾಯಿತು.

"ಯಾರೂ ಇಲ್ಲ," ಎಂದೆ. "ನಾನೇ ವಿಡಿಯೋ ನೋಡಿ ಕಲ್ತಿದ್ದು. ನಮ್ಮಮ್ಮಂಗೆ ಇದೆಲ್ಲ ಏನೂ ಗೊತ್ತಿಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು! ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಡಾಕ್ಟರ್ ಕ್ವಿಲನ್ ಹುಬ್ಬೇರಿಸಿ, "ಒಬ್ಬಳೇನಾ? ಭೇಷ್," ಎಂದರು. ಹಿಂದಿನ ಸಾಲಿನ ನಗುವೂ ನಿಂತಿತು. ಆ ಹೊಗಳಿಕೆಯನ್ನು ನಾನು ಕದ್ದ ಸಕ್ಕರೆಯ ಹಾಗೆ ಚಪ್ಪರಿಸಿದೆ. ತರಗತಿ ಮುಗಿದ ಮೇಲೆ ಅವರು ನನ್ನನ್ನು ಕರೆದು ಒಪ್ಪಿಗೆ ಕೊಟ್ಟರು.

ಕುಣಿಯುತ್ತಾ ಹೊರಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ವರಾಂಡದ ಬೆಂಚು ಬಾಗಿಲ ಪಕ್ಕದಲ್ಲೇ ಇತ್ತು. ಅಮ್ಮ ಅದರ ಈ ತುದಿಗೆ, ಗೋಡೆಗೆ ತಲೆ ಆನಿಸಿ ಕೂತಿದ್ದಳು. ಒಳಗಿನ ಪಾಠ ಕೇಳಲೆಂದೇ ಅಲ್ಲಿ ಕೂತಿದ್ದಳು, ಬೇರೆ ಯಾಕೆ?

"ಸೇರಿಸ್ಕೊಂಡ್ರಾ?" ಎಂದಳು.

"ಹೂಂ."

"ಒಳ್ಳೇದಾಯ್ತು ಬಿಡು. ಹಸಿವಾಗಿರ್ಬೇಕು, ಸ್ಯಾಂಡ್‌ವಿಚ್ ಇದೆ."

ಕೇಳಿಸಿತೇ ಎಂದು ನಾನು ಕೇಳಲಿಲ್ಲ. ಕೇಳಿಸಿತು ಎಂದು ಅವಳು ಹೇಳಲಿಲ್ಲ. ಜೋಳದ ಹೊಲಗಳ ನಡುವೆ ಗಾಡಿ ಓಡುವಷ್ಟು ಹೊತ್ತೂ ನಾನು ಆ ಸ್ಯಾಂಡ್‌ವಿಚ್ಚನ್ನೇ ಅಗಿಯುತ್ತಿದ್ದೆ. ಗಾಡಿ ಹತ್ತಿದರೆ ದಾರಿಯುದ್ದಕ್ಕೂ ಮಾತಾಡುವವಳು ಅವತ್ತು ಮಳೆ ಬರಬಹುದು ಎಂದಷ್ಟೇ ಹೇಳಿದಳು. ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳಿಗೆ ಸುಳ್ಳೇ ಜೊತೆ.

ಮನೆಗೆ ಬಂದು ಅಪ್ಪನ ಮುಂದೆ ಮಾತ್ರ ನನ್ನ ಪರಾಕ್ರಮವನ್ನೆಲ್ಲ ಕೊಚ್ಚಿಕೊಂಡೆ. ಪ್ರೊಫೆಸರಿಗೇ ಎದುರುತ್ತರ ಕೊಟ್ಟದ್ದು, ಅವರು ಭೇಷ್ ಎಂದದ್ದು. ಕೊನೆಯ ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ನುಂಗಿಕೊಂಡೆ.

ಭಾನುವಾರ ಚರ್ಚು ಮುಗಿಸಿ ಅಜ್ಜಿಯ ಮನೆಗೆ ಊಟಕ್ಕೆ ಹೋದೆವು. ಪ್ರಾರ್ಥನೆ ಮುಗಿದು ಮಾಂಸದ ತಟ್ಟೆ ಒಂದು ಸುತ್ತು ಬರುವುದರೊಳಗೆ ಅಪ್ಪ ತಡೆಯಲಾರದೆ ಶುರುಮಾಡಿದರು. "ಅಮ್ಮಾ, ನಿನ್ನ ಮೊಮ್ಮಗಳು ಮೊದಲ್ನೇ ದಿನವೇ ಪ್ರೊಫೆಸರ ಬಾಯಿ ಮುಚ್ಚಿಸಿದ್ಲಂತೆ! 'ಅದು ನೆಪ ಕಣಮ್ಮಾ, ಕಾರಣ ಹೇಳು' ಅಂದ್ಲಂತೆ!"

ಅಜ್ಜಿ ನಗಲಿಲ್ಲ. ಫೋರ್ಕನ್ನು ಕೆಳಗಿಟ್ಟು ನನ್ನನ್ನು ನೋಡಿದರು, ಆಮೇಲೆ ಬಹಳ ಹೊತ್ತು ಅಮ್ಮನನ್ನು ನೋಡಿದರು.

"ಅದು ಟೀವಿ ನೋಡಿ ಬರೋ ವಿದ್ಯೆ ಅಲ್ಲ," ಎಂದರು. "ನಾನೂ ಅಷ್ಟು ವರ್ಷ ಇತಿಹಾಸ ಹೇಳಿಕೊಟ್ಟೋಳೇ. ಪಕ್ಕದಲ್ಲಿ ಕೂತು ದಿನಾ ಕೆದಕೋರು ಒಬ್ರು ಬೇಕು ಅದಕ್ಕೆ. ಲೋರ್ನಾ, ನಿನ್ನ ವಿಷಯದಲ್ಲಿ ನಾನು ತಪ್ಪು ತಿಳ್ಕೊಂಡಿದ್ದೆ. ನೀನೇ ಅಲ್ವೇನಮ್ಮಾ ಇದನ್ನ ಕಲ್ಸಿದ್ದು?"

ಅಜ್ಜಿಯ ಬಾಯಿಂದ ಅಂಥ ಮಾತು ಬಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಮ್ಮ ಈ ಒಂದು ಮಾತಿಗಾಗಿ ನಾನು ಅಕ್ಷರ ತಿದ್ದಿದ ದಿನದಿಂದ ಕಾದಿದ್ದಳು. ಅಪ್ಪನ ಮುಖ ಅರಳಿತ್ತು. ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಇಲ್ಲ ಅತ್ತೆ," ಎಂದಳು. "ಅವಳೇ ವಿಡಿಯೋ ನೋಡಿ ಕಲ್ತಿದ್ದು. ನಂಗೆ ಇದೆಲ್ಲ ಏನೂ ಗೊತ್ತಿಲ್ಲ."

ನನ್ನದೇ ಮಾತು. ಒಂದಕ್ಷರ ಆಚೀಚೆ ಆಗಿರಲಿಲ್ಲ.

"ಹೌದಾ ಕೋರಾ?" ಎಂದರು ಅಜ್ಜಿ.

ಈಗಲಾದರೂ ಬಾಯಿ ಬಿಡೇ ಎಂದು ನನಗೆ ನಾನೇ ಬೈದುಕೊಂಡೆ. ಆದರೆ ಸತ್ಯ ಹೇಳಬೇಕಾದರೆ ಆ ದಿನ ಏನೆಂದಿದ್ದೆನೋ ಅದನ್ನೂ ಹೇಳಬೇಕು. ಅಪ್ಪನ ಅರಳಿದ ಮುಖದ ಮುಂದೆ ಹೇಳಬೇಕು. ಬೀನ್ಸನ್ನು ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಸರಿಸುತ್ತಾ ಕೂತೆ. ಅಮ್ಮ ಪೀಚ್ ಪೈ ಕತ್ತರಿಸಿ ತರುತ್ತೇನೆಂದು ಎದ್ದು ಒಳಗೆ ಹೋದಳು. ಅಜ್ಜಿ ಇನ್ನೂ ನನ್ನನ್ನೇ ನೋಡುತ್ತಿದ್ದರು. ಮಕ್ಕಳ ಸುಳ್ಳನ್ನು ಕಂಡುಹಿಡಿದೇ ಸಂಬಳ ತಿಂದ ಕಣ್ಣು ಅದು. ಕೂರಲಾಗದೆ ನಾನೂ ಎದ್ದು ಅಡುಗೆಮನೆಗೆ ಹೋದೆ.

ಅಮ್ಮ ನನಗೆ ಬೆನ್ನು ಮಾಡಿ ಪೈ ಕತ್ತರಿಸುತ್ತಿದ್ದಳು.

"ಅಮ್ಮಾ, ಅವತ್ತು ನಿಂಗೆ ಕೇಳಿಸ್ತಾ?"

"ಬಾಗ್ಲು ತೆಗೆದೇ ಇತ್ತಲ್ಲೇ."

"ನಾನು ಬೇಕು ಅಂತ ಹಂಗಂದಿದ್ದಲ್ಲ ಅಮ್ಮಾ. ಅವ್ರೆಲ್ಲ ನಗ್ತಿದ್ರು, ಅದಕ್ಕೇ…" ಎಂದವಳು ಅಲ್ಲಿಗೇ ನಿಲ್ಲಿಸಿದೆ. ಅವರ ನಗು ಬರೀ ನೆಪ. ಕಾರಣ ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು, ಅದನ್ನು ಹುಡುಕುವುದನ್ನು ಕಲಿಸಿದವಳೇ ನನ್ನೆದುರು ನಿಂತಿದ್ದಳು.

ಅವಳು ಒಂದೊಂದೇ ತುಂಡನ್ನು ಮುರಿಯದ ಹಾಗೆ ಎತ್ತಿ ತಟ್ಟೆಗಿಟ್ಟಳು. "ನಾಳೆಯಿಂದ ಕಾಲೇಜಿಗೆ ನಿಮ್ಮಪ್ಪ ಬಿಡ್ತಾರೆ ಕಣೇ. ಹೇಗೂ ಗಿರಣಿ ದಾರೀಲೇ ಇದೆ."

"ಬೇಡ ಅಮ್ಮಾ, ನೀನೇ ಬಾ."

"ಬೇಡ ಬಿಡು. ನಾನು ಆ ಬೆಂಚ್ ಮೇಲೆ ದಿನಾ ಕೂತಿದ್ರೆ, ಇವ್ರು ಯಾರು ಅಂತ ಯಾರಾದ್ರೂ ಕೇಳೇ ಕೇಳ್ತಾರೆ," ಎಂದು ತಿರುಗಿ ತಟ್ಟೆಗಳನ್ನು ನನ್ನ ಕೈಗಿಟ್ಟಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಮಗಳು ಎಲ್ಲಿ ಪೇಚಿಗೆ ಬೀಳುತ್ತಾಳೋ ಎಂಬ ಚಿಂತೆ ಮಾತ್ರ ಇತ್ತು. "ಆಗ ನೀನು ಪಾಪ, ಏನಂತ ಹೇಳ್ತೀಯ?"